ಸೊಂಟದ ಭಾರ

ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನ ಕೇಳಿದಾಗಲೆಲ್ಲ ನಾನು ಗುಡ್ಡಾಪುರದ ದಾನಮ್ಮದೇವಿಯ ಬಗೆಗೋ, ಕನ್ನಡ ಶಾಲೆಗಳ ಸ್ಥಿತಿಗತಿಯ ಬಗೆಗೋ, ಜತ್ತ ತಾಲೂಕಿನ ನೀರಿನ ಬವಣೆಯ ಬಗೆಗೋ ಬರೆದು ಕೊಡುತ್ತ ಬಂದವನು. ಈ ಸಲ ಒಂದು ರಿವಾಲ್ವರಿನ ಬಗ್ಗೆ ಬರೆಯುತ್ತಿದ್ದೇನೆ. ಮೂವತ್ತೈದು ವರುಷ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಬಳಪ ಹಿಡಿದ ಮಾಸ್ತರನಿಗೂ ರಿವಾಲ್ವರಿಗೂ ಏನು ಸಂಬಂಧವೆಂದು ಓದುಗರು ಹುಬ್ಬೇರಿಸಬಹುದು. ಸಂಬಂಧ ನಾನು ಬಯಸಿ ಕಟ್ಟಿಕೊಂಡದ್ದಲ್ಲ. ಮನೆತನದಿಂದ ಬಂದದ್ದು, ಮತ್ತೆ ಮನೆಯೊಳಗೇ ಬಂದು ಕುಳಿತದ್ದು.

ನಮ್ಮ ಮುತ್ಯಾನ ಬಳಿ ಒಂದು ವೆಬ್ಲಿ ಇತ್ತು. ಜತ್ತ ಇನ್ನೂ ಡಫಳೆ ಮನೆತನದ ಸಂಸ್ಥಾನವಾಗಿದ್ದ ಕಾಲದಲ್ಲಿ ಪರವಾನಿಗೆ ಪಡೆದು ಕೊಂಡದ್ದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ, ಬ್ರಿಟಿಷ್ ಸೈನ್ಯ 1887ರಿಂದ ಬಳಸಿದ ವಂಶದ ಭಾರೀ ರಿವಾಲ್ವರ್. ಪ್ರತಿ ಅಮಾವಾಸ್ಯೆಯ ದಿನ ಮುತ್ಯಾ ಪಡಸಾಲೆಯಲ್ಲಿ ಹಳೆಯ ಧೋತರದ ತುಂಡು ಹಾಸಿ, ಗುಂಡುಗಳನ್ನು ತೆಗೆದು ಎಣಿಸಿ ಬದಿಗಿಟ್ಟು, ಎಣ್ಣೆ ಹಚ್ಚಿ ಒರೆಸುತ್ತಿದ್ದ. ಹಿಂಭಾಗದ ಚಿಲಕವನ್ನು ಹೆಬ್ಬೆರಳಿನಿಂದ ಒತ್ತಿದರೆ ಅದು ನಡುವಿನಲ್ಲಿ ಮುರಿದಂತೆ ಬಾಗುತ್ತಿತ್ತು. ನಕ್ಷತ್ರದಾಕಾರದ ಒಂದು ತಟ್ಟೆ ಮೇಲೆದ್ದು ಆರು ತೋಟಾಗಳನ್ನೂ ಒಮ್ಮೆಗೇ ಹೊರಕ್ಕೆ ದೂಡುತ್ತಿತ್ತು. ಹುಡುಗನಾದ ನನಗೆ ಅದು ಜಾತ್ರೆಯ ಆಟಿಕೆಯಷ್ಟೇ ಚೆಂದವಾಗಿ ಕಾಣುತ್ತಿತ್ತು. ಮುಟ್ಟಲು ಮಾತ್ರ ಅಪ್ಪಣೆಯಿರಲಿಲ್ಲ.

1948ರಲ್ಲಿ ನಿಜಾಮನ ಸೀಮೆಯ ಕಡೆಯಿಂದ ರಜಾಕಾರರ ಸುದ್ದಿ ಬರುತ್ತಿದ್ದಾಗ ಮುತ್ಯಾ ಅದನ್ನು ಕೋಟಿನೊಳಗೆ ಇಟ್ಟುಕೊಂಡು ತಿರುಗಿದ್ದನಂತೆ. ಒಂದು ಗುಂಡನ್ನೂ ಹಾರಿಸಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ, ಹೊಸ ಪರವಾನಿಗೆಗೆ ಅರ್ಜಿ ಹಾಕುವ ಬದಲು, ಅದನ್ನು ಧೋತರದಲ್ಲಿ ಸುತ್ತಿಕೊಂಡು ಕಚೇರಿಗೆ ಒಪ್ಪಿಸಿ ಬಂದ. ನನಗಾಗ ಹನ್ನೆರಡು ವರುಷ. "ಯಾಕ ಕೊಟ್ಟಿ ಮುತ್ಯಾ?" ಎಂದು ಅತ್ತೆ. "ಇದು ಸೊಂಟಕ್ಕ ಭಾರ ಅಲ್ಲೋ ತಮ್ಮಾ, ನಿದ್ದಿಗೆ ಭಾರ" ಎಂದ. ಆ ಮಾತಿನ ಅರ್ಥ ನನಗೆ ತಿಳಿದದ್ದು ಅರವತ್ತು ವರುಷಗಳ ಮೇಲೆ.

ನನ್ನ ತಮ್ಮನ ಮಗ ದ್ರಾಕ್ಷಿ ಬೆಳೆಗಾರ. ಒಂದು ಬದಿಗೆ ದಾಳಿಂಬೆ, ಇನ್ನೊಂದು ಬದಿಗೆ ದ್ರಾಕ್ಷಿ. ಬೇಸಿಗೆಯ ಮುಂಚೆ ದ್ರಾಕ್ಷಿಯನ್ನು ಶೆಡ್ಡಿನ ಜಾಳಿಗೆಗಳ ಮೇಲೆ ಒಣಗಿಸಿ ಬೇದಾಣೆ ಮಾಡಿ ಸಾಂಗಲಿ, ತಾಸಗಾಂವಗಳ ಪೇಟೆಗೂ ಕೆಲವೊಮ್ಮೆ ವಿಜಯಪುರಕ್ಕೂ ಸಾಗಿಸುತ್ತಾನೆ. 2022ರ ಏಪ್ರಿಲ್ ತಿಂಗಳ ಒಂದು ಸಂಜೆ ಕೂಲಿಯವರ ಪಗಾರದ ಹಣ ತೆಗೆದುಕೊಂಡು ಮೋಟಾರ್ ಸೈಕಲ್ಲಿನಲ್ಲಿ ಬರುವಾಗ, ಊರು ಇನ್ನು ಎರಡು ಮೈಲಿಯಿದೆ ಎನ್ನುವಲ್ಲಿ ಇಬ್ಬರು ಅಡ್ಡಗಟ್ಟಿದರು. ಕಬ್ಬು ಕಡಿಯುವ ಕೊಯಿತಾ ಕುತ್ತಿಗೆಗೆ ಹಿಡಿದು ಚೀಲ ಕಿತ್ತುಕೊಂಡು ಹೋದರು. ಮೈಗೆ ಗಾಯವಾಗಲಿಲ್ಲ. ಆದರೆ ಅಂದಿನಿಂದ ಹುಡುಗ ನಡುರಾತ್ರಿ ಎದ್ದು ಕೂರತೊಡಗಿದ. ದೀಪ ಹಚ್ಚಿದ ಮೇಲೆ ಒಬ್ಬನೇ ದಾರಿ ನಡೆಯದಾದ. ಕೆಲವು ತಿಂಗಳಾದ ಮೇಲೆ ಬಂದು, "ದೊಡ್ಡಪ್ಪ, ನಾ ರಿವಾಲ್ವರ್ ತಗೋತೀನ್ರಿ. ಅರ್ಜಿ ಹಾಕಾಕ ನೀವ ಕೂಡ ಬರ್ರಿ" ಎಂದ.

ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಕುತ್ತಿಗೆಯ ಮೇಲೆ ಕೊಯಿತಾ ಇಟ್ಟಿದ್ದು ಅವನದು, ನನ್ನದಲ್ಲ. ಮೇಲಾಗಿ ನಾನೇ ತರಗತಿಯಲ್ಲಿ ಹಲಗಲಿಯ ಬೇಡರ ಕಥೆಯನ್ನು ಎಷ್ಟು ಸಲ ಆವೇಶದಿಂದ ಹೇಳಿಲ್ಲ! 1857ರಲ್ಲಿ ಕುಂಪಣಿ ಸರಕಾರ ಆಯುಧಗಳನ್ನು ಒಪ್ಪಿಸಿರೆಂದಾಗ, ಮುಧೋಳ ಸೀಮೆಯ ಆ ಸಣ್ಣ ಊರಿನ ಜನ ಒಪ್ಪದೆ ಕಾದಾಡಿ ಸತ್ತರು, ಲಾವಣಿಯಾಗಿ ಉಳಿದರು. 1878ರ ಶಸ್ತ್ರ ಕಾಯ್ದೆ ಇಡೀ ದೇಶದ ಕೈಯನ್ನು ಬರಿದುಗೊಳಿಸಿದ ಕಥೆಯೂ ಗೊತ್ತಿತ್ತು. ಆಯುಧ ಕಳೆದುಕೊಂಡ ಅವಮಾನವನ್ನು ಮಕ್ಕಳಿಗೆ ಬೋಧಿಸಿದವನು ಸ್ವಂತ ಮನೆಯ ಹುಡುಗನಿಗೆ ಯಾವ ಬಾಯಿಂದ ಬೇಡವೆನ್ನಲಿ?

ಅರ್ಜಿ, ಪೋಲೀಸ್ ವಿಚಾರಣೆ, ವೈದ್ಯರ ದಾಖಲೆ, ಸುರಕ್ಷತೆಯ ತರಬೇತಿಯ ಪ್ರಮಾಣಪತ್ರ, ಕೊನೆಗೆ ಜಿಲ್ಲಾಧಿಕಾರಿಗಳ ಸಹಿ. ಕಾಗದಗಳೆಲ್ಲ ಮರಾಠಿಯವು, ಓದಿ ಹೇಳುವವನು ನಾನು. ಅದೇ 2022ರ ಕೊನೆಗೆ ನಮ್ಮ ತಾಲೂಕಿನ ನಲವತ್ತು ಹಳ್ಳಿಗಳ ಹೆಸರು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ರಾರಾಜಿಸುತ್ತಿತ್ತು. ನಾವು ಯಾರಿಗೆ ಸೇರಿದವರೆಂದು ದೊಡ್ಡವರು ವಾದಿಸುತ್ತಿದ್ದಾಗ ನಮ್ಮ ಕಡತ ಮೇಜಿನಿಂದ ಮೇಜಿಗೆ ನಿಧಾನವಾಗಿ ಸರಿಯುತ್ತಿತ್ತು. ಪರವಾನಿಗೆ ಕೈಗೆ ಬಂದಾಗ 2023ರ ಮಳೆಗಾಲ ಮುಗಿದಿತ್ತು.

ಆ ದೀಪಾವಳಿಯ ಮುಂಚೆ ಇಬ್ಬರೂ ಪಟ್ಟಣದ ಒಂದು ಅಂಗಡಿಗೆ ಹೋದೆವು. ನಮ್ಮ ಸರಕಾರ .38, .455, 9 ಮಿ.ಮೀ. ಮೊದಲಾದ ಬೋರುಗಳನ್ನು ಸಾಮಾನ್ಯ ಜನರಿಗೆ ನಿಷೇಧಿಸಿದೆ. ಸೊಂಟಕ್ಕೆ ಕಟ್ಟುವಂಥದು ಬೇಕೆಂದರೆ ಬಹುಮಟ್ಟಿಗೆ.32 ಬೋರಿನದೇ ಗತಿ. ಎಂಬತ್ತರ ದಶಕದಲ್ಲಿ ಖಾಸಗಿ ಆಮದು ನಿಂತ ಮೇಲೆ ವಿದೇಶದ ಹಳೆಯ ಪಿಸ್ತೂಲುಗಳು ಕೈಯಿಂದ ಕೈಗೆ ಬಂಗಾರದ ಬೆಲೆಗೆ ಮಾರಾಟವಾಗುತ್ತವೆ. ಉಳಿದವರಿಗೆ ದೇಶದಲ್ಲಿಯೇ ತಯಾರಾಗುವ ಮಾಲೇ ಆಸರೆ.

ಅಂಗಡಿಯವರು ಮೊದಲು ಮುಂದಿಟ್ಟ ರಿವಾಲ್ವರನ್ನು ನೋಡಿ ನಾನು ಬೆರಗಾದೆ. ಚಿಕ್ಕದು, ಗಿಡ್ಡ ನಳಿಗೆಯದು, ಆದರೆ ಅದೇ ಮುಖ, ಅದೇ ಚಿಲಕ, ಅದೇ ಬಾಗು. ಮುತ್ಯಾನ ವೆಬ್ಲಿ ಮರಿ ಹಾಕಿದಂತಿತ್ತು! ನನ್ನ ಬೆರಗು ಸುಳ್ಳಲ್ಲವೆಂದು ಅಂಗಡಿಯವರು ವಿವರಿಸಿದರು: ಎರಡನೆಯ ಮಹಾಯುದ್ಧದಲ್ಲಿ ಬಳಕೆಯಾದ ವೆಬ್ಲಿ ನಾಲ್ಕನೆಯ ಮಾರ್ಕಿನ ನಕ್ಷೆಯನ್ನೇ ಆಧಾರವಾಗಿಟ್ಟುಕೊಂಡು ಕಾನ್ಪುರದವರು ಇದನ್ನು .32 ಬೋರಿಗೆ ಇಳಿಸಿದ್ದಾರೆ. 2014ರಲ್ಲಿ ಬಂದ 'ನಿರ್ಭೀಕ್' ಇದೇ ವಂಶದ ಹಗುರ ಕೂಸು. ಟೈಟೇನಿಯಂ ಮಿಶ್ರಲೋಹದ್ದು, ಸುಮಾರು 500 ಗ್ರಾಂ, ಬೆಲೆ ಆಗಲೇ 1 ಲಕ್ಷ 22 ಸಾವಿರ. ದಿಲ್ಲಿಯ ಆ ಹೆಣ್ಣುಮಗಳ ದಾರುಣ ಸಾವಿನ ಬಳಿಕ ಹೆಂಗಸರಿಗೆಂದೇ ಪ್ರಚಾರ ಪಡೆದದ್ದು. 2023ರ ಆಗಸ್ಟಿನಲ್ಲಿ ಕಾನ್ಪುರದಿಂದಲೇ 'ಪ್ರಬಲ್' ಬಂದಿತ್ತು. ಅದು ನಡುವಿನಲ್ಲಿ ಬಾಗುವುದಿಲ್ಲ, ಗುಂಡಿನ ಗಾಲಿಯೇ ಬದಿಗೆ ಹೊರಳುತ್ತದೆ. ವೆಬ್ಲಿ ಕಂಪನಿಯ ಹೆಸರಿನಲ್ಲಿಯೇ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿಯೂ .32 ರಿವಾಲ್ವರುಗಳು ತಯಾರಾಗುತ್ತಿವೆಯೆಂದರು. ಯಾವ ಸಾಹೇಬರು ನಮ್ಮ ಕೈಯಿಂದ ಆಯುಧ ಕಸಿದರೋ ಅವರ ಆಯುಧ ಈಗ ಗಂಗೆಯ ಬಯಲಿನಲ್ಲಿ ಹುಟ್ಟುತ್ತಿದೆ. ಕಾಲಚಕ್ರ ತಿರುಗುವ ಬಗೆ ಇದು.

"ಯಾವುದು ಛಲೋ ದೊಡ್ಡಪ್ಪ?" ಎಂದು ಹುಡುಗ ಕೇಳಿದ. ಶಾಸ್ತ್ರ ತಿಳಿಯದಿದ್ದರೂ ನಾನು ನನ್ನ ಬುದ್ಧಿಗೆ ತೋಚಿದಂತೆ ಪರೀಕ್ಷೆಗೆ ಕುಳಿತೆ. ಪಿಸ್ತೂಲು ಚಪ್ಪಟೆಯಾದದ್ದು, ಅಂಗಿಯೊಳಗೆ ಅಡಗುತ್ತದೆ. ರಿವಾಲ್ವರಿನ ಗಾಲಿ ಹೊಟ್ಟೆ ಬಂದವನಂತೆ ಉಬ್ಬಿ ನಿಲ್ಲುತ್ತದೆ. ಆದರೆ ರಿವಾಲ್ವರಿನಲ್ಲಿ ಒಂದು ಗುಂಡು ಸಿಡಿಯದಿದ್ದರೆ ಮತ್ತೊಮ್ಮೆ ಕುದುರೆ ಎಳೆದರಾಯಿತು, ಗಾಲಿ ಮುಂದಿನ ಗುಂಡನ್ನು ತಾನೇ ತಂದುಕೊಡುತ್ತದೆ. ಪಿಸ್ತೂಲಿನಲ್ಲಿ ಗುಂಡು ಸಿಕ್ಕಿಬಿದ್ದರೆ ಬಿಡಿಸುವ ಕೈಚಳಕ ಬೇಕು. ನಡುವಿನಲ್ಲಿ ಬಾಗುವುದು ತುಂಬಲು, ತೆಗೆಯಲು ಸುಲಭ, ಖಾಲಿಯಿದೆಯೋ ಇಲ್ಲವೋ ಒಂದೇ ನೋಟಕ್ಕೆ ತಿಳಿಯುತ್ತದೆ. ಗಾಲಿ ಬದಿಗೆ ಹೊರಳುವುದರ ಚೌಕಟ್ಟು ಅಖಂಡವಾದ್ದರಿಂದ ಹೆಚ್ಚು ಗಟ್ಟಿ. ಕುದುರೆಯನ್ನು ಒಂದೇ ಎಳೆತಕ್ಕೆ ಎಳೆದರೆ ಬಲು ಬಿಗಿ. ಹಿಂದಿನ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಮೊದಲೇ ಎತ್ತಿ ನಿಲ್ಲಿಸಿದರೆ ಮುಟ್ಟಿದರೆ ಸಾಕೆನ್ನುವಷ್ಟು ಹಗುರ. ಈ ಹಗುರತನದ ವಿಷಯ ಓದುಗರು ನೆನಪಿನಲ್ಲಿಡಬೇಕು.

ಕೊನೆಗೆ ಮುತ್ಯಾನ ನೆನಪೇ ಗೆದ್ದಿತು. ಮುಕ್ಕಾಲು ಕಿಲೋ ಆಸುಪಾಸಿನ, ನಡುವಿನಲ್ಲಿ ಬಾಗುವ ಕಾನ್ಪುರದ ರಿವಾಲ್ವರನ್ನೇ ಕೊಂಡೆವು. ಹಳೆಯದರ ಚೆಲುವು ನನ್ನನ್ನು ಮರುಳು ಮಾಡಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ನಿಜವಾದ ಪರೀಕ್ಷೆ ನಡೆದದ್ದು ನಮ್ಮ ಅಂಗಳದಲ್ಲಿ. ನಿಯಮದ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಅದು ಒರೆಯಲ್ಲಿ, ಪೂರ್ತಿ ಮುಚ್ಚಿದಂತೆ ಇರಬೇಕು. ಹುಡುಗ ಒರೆಯನ್ನು ಬಲಸೊಂಟಕ್ಕೆ ಕಟ್ಟಿ ಮೇಲೆ ಅಂಗಿ ಇಳಿಬಿಟ್ಟ. ಗುಂಡುಗಳನ್ನೆಲ್ಲ ತೆಗೆಸಿ, ಎರಡು ಸಲ ನೋಡಿ, ನಾನು ಹದಿನೈದು ಹೆಜ್ಜೆ ದೂರ ನಿಂತೆ. "ನಾ ಕಳ್ಳ ಅಂತ ತಿಳಿ. ನಾ ಹೊಂಟ ಕೂಡಲೆ ತೆಗಿ" ಎಂದು ಊರುಗೋಲು ಊರುತ್ತ ನಡೆದೆ. ಅವನು ಅಂಗಿ ಎತ್ತಿ, ಒರೆಯ ಗುಂಡಿ ಬಿಚ್ಚಿ, ಹಿಡಿಕೆ ಹಿಡಿದು ಎಳೆಯುವಷ್ಟರಲ್ಲಿ ಎಪ್ಪತ್ಮೂರು ವಯಸ್ಸಿನ ನಾನು ಅವನ ಮುಂಗೈ ಹಿಡಿದುಕೊಂಡಿದ್ದೆ. ಮೂರು ಸಲ ಮಾಡಿದೆವು, ಮೂರು ಸಲವೂ ಹಾಗೆಯೇ. ಮೋಟಾರ್ ಸೈಕಲ್ಲಿನ ಮೇಲೆ ಎರಡೂ ಕೈ ಹಿಡಿಕೆಯ ಮೇಲಿದ್ದು, ಕುತ್ತಿಗೆಗೆ ಕೊಯಿತಾ ಬಂದಿದ್ದರೆ? ಇಬ್ಬರೂ ಆ ಪ್ರಶ್ನೆ ಕೇಳಿಕೊಳ್ಳಲಿಲ್ಲ. ಅವನು ಅಭ್ಯಾಸ ಮಾಡಿಕೊಳ್ಳುತ್ತೇನೆಂದ, ಮಾಡಿಯೂ ಮಾಡಿಕೊಂಡ. ಕೈ ಚುರುಕಾಯಿತು. ಆದರೆ ಅದರೊಂದಿಗೆ ಇನ್ನೊಂದು ಅಭ್ಯಾಸವೂ ಬಂತು: ಎದುರಿಗೆ ಬಂದವರ ಮುಖವನ್ನು ನೋಡದೆ ಅವರ ಕೈಯನ್ನು ನೋಡುವುದು. ಸಂತೆಯಲ್ಲಿ, ಗುಡಿಯಲ್ಲಿ, ಲಗ್ನದ ಚಪ್ಪರದಲ್ಲಿ, ಎಲ್ಲೆಡೆಯೂ.

ಇನ್ನೊಂದು ತೊಡಕನ್ನು ಗಡಿನಾಡಿನವರಲ್ಲದೆ ಬೇರೆಯವರು ಊಹಿಸಲಾರರು. ಅವನ ಪರವಾನಿಗೆಯ ವ್ಯಾಪ್ತಿ ಮಹಾರಾಷ್ಟ್ರಕ್ಕೆ ಮಾತ್ರ. ನಮ್ಮ ಹೆಣ್ಣು ಕೊಡುವ ಮನೆಗಳು, ತರುವ ಮನೆಗಳು, ದೊಡ್ಡ ಆಸ್ಪತ್ರೆ, ಕಾಲೇಜು, ಬೀಜ, ಗೊಬ್ಬರ ಎಲ್ಲ ವಿಜಯಪುರದ ಕಡೆ. ಉಮದಿಯಿಂದ ಆಚೆ ಹೊರಟರೆ ಹೊಲ ಅದೇ, ಜೋಳ ಅದೇ, ಮಾತು ಅದೇ. ಒಂದು ಫಲಕ ಮಾತ್ರ ಬೇರೆ. ಅಲ್ಲಿಯವರೆಗೆ ಆಯುಧವಾಗಿದ್ದದ್ದು ಆ ಫಲಕದಿಂದಾಚೆ ಅಪರಾಧವಾಗುತ್ತದೆ. ಹೀಗಾಗಿ ಹಣ ಹೆಚ್ಚಿರುವ ಪೇಟೆಯ ದಿನವೇ ಅವನು ರಿವಾಲ್ವರನ್ನು ಮನೆಯ ಕಪಾಟಿನಲ್ಲಿ ಬೀಗ ಹಾಕಿಟ್ಟು ಹೋಗಬೇಕಾಗುತ್ತಿತ್ತು. ಎಪ್ಪತ್ತು ವರುಷಗಳಿಂದ ನಾವು ಈ ಗಡಿ ನಮ್ಮ ಮನಸ್ಸಿನಲ್ಲಿಲ್ಲವೆಂದು ಸಮ್ಮೇಳನಗಳಲ್ಲಿ ಭಾಷಣ ಮಾಡುತ್ತ ಬಂದಿದ್ದೇವೆ. ಮುಕ್ಕಾಲು ಕಿಲೋ ಕಬ್ಬಿಣ ಆ ಗಡಿಯನ್ನು ನಮ್ಮ ಹುಡುಗನ ಸೊಂಟದ ಮೇಲೆಯೇ ಗೀರಿತು.

ಇನ್ನು ಆ ರಾತ್ರಿಯ ವಿಷಯ. 2024ರ ಫೆಬ್ರುವರಿ. ದ್ರಾಕ್ಷಿ ಶೆಡ್ಡಿಗೆ ಬಂದಿತ್ತು; ಹುಡುಗ ಕಾವಲಿಗೆ ಅಲ್ಲಿಯೇ ಮಲಗುತ್ತಿದ್ದ. ನಮ್ಮಲ್ಲಿ ಪಂಪಿನ ಕರೆಂಟು ಬರುವುದು ಹೆಚ್ಚಾಗಿ ಅಪರಾತ್ರಿಯಲ್ಲಿ. ಅಂದು ಎರಡು ಗಂಟೆಗೆ ನನಗೆ ಎಚ್ಚರವಾಯಿತು. ಕರೆಂಟು ಬಂದಿತ್ತು, ಪಂಪಿನ ಸದ್ದು ಕೇಳಲಿಲ್ಲ. ಪಾಪ, ಹುಡುಗ ದಣಿದು ಮಲಗಿದ್ದಾನೆ, ನಾನೇ ಚಾಲೂ ಮಾಡಿದರಾಯಿತೆಂದು ಕಂಬಳಿ ಹೊದ್ದು ಹೊರಟೆ. ಬ್ಯಾಟರಿ ಒಯ್ಯಲಿಲ್ಲ, ಅರ್ಧ ಬೆಳದಿಂಗಳಿತ್ತು, ದಾರಿ ಕಾಲಿಗೆ ಗೊತ್ತಿತ್ತು. ಶೆಡ್ಡಿನ ಮಗ್ಗುಲಿಗೆ ಬಂದಾಗ ಒಳಗಿನಿಂದ "ಯಾರದು?" ಎಂಬ ಕೂಗು ಬಂತಂತೆ. ಒಮ್ಮೆಯಲ್ಲ, ಎರಡು ಸಲ. ನನ್ನ ಎಡಗಿವಿ ಮಂದವಾಗಿ ನಾಲ್ಕಾರು ವರುಷಗಳಾದವು. ನಾನು ಕೇಳಿಸಿಕೊಳ್ಳದೆ ನಡೆದೇ ನಡೆದೆ. ತಂಪು ಗಾಳಿಗೆ ಕೆಮ್ಮು ಬಂತು. ಕೆಮ್ಮಿದೆ.

ತಲೆಯೆತ್ತಿದರೆ ಹತ್ತು ಹೆಜ್ಜೆ ದೂರದಲ್ಲಿ ಅವನು ನಿಂತಿದ್ದ. ಎರಡೂ ಕೈ ಮುಂದೆ ಚಾಚಿತ್ತು. ಬೆಳದಿಂಗಳಲ್ಲಿ ನಳಿಗೆಯ ತುದಿ ಹೊಳೆಯಿತು. "ದೊಡ್ಡಪ್ಪ?" ಎಂದ. ಆ ದನಿ ನನ್ನ ಹುಡುಗನದಾಗಿರಲಿಲ್ಲ. "ನಾನಪಾ" ಎಂದೆ. ಅವನು ಅಲ್ಲಿಯೇ ನೆಲಕ್ಕೆ ಕುಸಿದು ಕುಳಿತ. ಹತ್ತಿರ ಹೋಗಿ ನೋಡಿದರೆ ಸುತ್ತಿಗೆ ಎದ್ದು ನಿಂತಿತ್ತು. ಕುದುರೆಯ ಮೇಲೆ ಬೆರಳಿತ್ತು. ಮುಟ್ಟಿದರೆ ಸಾಕೆನ್ನುವ ಆ ಹಗುರತನ! ಅದನ್ನು ಇಳಿಸುವುದೂ ಅಪಾಯದ ಕೆಲಸ. ನಡುಗುವ ಹೆಬ್ಬೆರಳು ಜಾರಿದರೆ ಗುಂಡು ಹಾರುತ್ತದೆ. "ಬೆರಳ ತೆಗಿ. ಉಸಿರ ಬಿಡು. ಮಣ್ಣಿನ ಕಡೆ ಹಿಡಿ. ಅವಸರ ಇಲ್ಲ" ಎಂದು, ಮೊದಲನೆಯ ಇಯತ್ತೆಯ ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ ಹೇಳುತ್ತ ಹೋದೆ. ಬಲು ಹೊತ್ತಿನ ಮೇಲೆ ಸುತ್ತಿಗೆ ಇಳಿಯಿತು. ಚಿಲಕ ಒತ್ತಿದ, ಆರು ಗುಂಡುಗಳೂ ಮಣ್ಣಿಗೆ ಬಿದ್ದವು. ಇಬ್ಬರೂ ಬ್ಯಾಟರಿ ಹಿಡಿದು ಒಂದೊಂದಾಗಿ ಆರಿಸಿಕೊಂಡೆವು. "ನೀವ ಕೆಮ್ಮಲಿಲ್ಲಂದ್ರ..." ಎಂದ, ಮುಂದೆ ಹೇಳಲಿಲ್ಲ.

ತಪ್ಪು ಯಾರದು? ಕೂಗಿ ಕೇಳಿದ್ದ, ಅವನು ಮಾಡಬೇಕಾದ್ದನ್ನು ಮಾಡಿದ್ದ. ನಾನು ಉತ್ತರ ಕೊಟ್ಟಿರಲಿಲ್ಲ. ರಿವಾಲ್ವರ್ ತಯಾರಿಸಿದವರು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದರು. ಎಲ್ಲರೂ ಸರಿಯಾಗಿದ್ದು ಒಬ್ಬ ಮುದುಕ ಸಾಯಬಹುದಾಗಿತ್ತು, ಒಬ್ಬ ತರುಣ ಜೀವನವಿಡೀ ಆ ಸಾವನ್ನು ಹೊತ್ತು ತಿರುಗಬಹುದಾಗಿತ್ತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಈಗ ಇದನ್ನು ಬರೆಯುವ ಮುಂಚೆ ಅವನ ಒಪ್ಪಿಗೆ ಕೇಳಿದ್ದೇನೆ. "ಬರೀರಿ ದೊಡ್ಡಪ್ಪ, ಯಾರಿಗರೆ ಉಪಯೋಗ ಆಗ್ತೈತಿ" ಎಂದ.

ಮಾರ್ಚಿನಲ್ಲಿ ಲೋಕಸಭಾ ಚುನಾವಣೆ ಘೋಷಣೆಯಾಯಿತು. ಪರವಾನಿಗೆಯ ಆಯುಧವನ್ನು ಠಾಣೆಗೆ ಜಮಾ ಮಾಡುವಂತೆ ಸೂಚನೆ ಬಂತು. ಹುಡುಗ ಒಪ್ಪಿಸಿ ರಸೀದಿ ತಂದ. ಸಾಂಗಲಿಯಲ್ಲಿ ಮೇ 7ರಂದು ಮತದಾನ, ಜೂನ್ 4ರಂದು ಎಣಿಕೆ. ಬೇದಾಣೆಯ ಹಂಗಾಮು ಪೂರ್ತಿ ಅವನು ಬರಿಗೈಯಲ್ಲಿ ಕಳೆಯಬೇಕಾಯಿತು. ಆ ಎರಡೂವರೆ ತಿಂಗಳಲ್ಲಿ ಅವನು ಮಾಡಿಕೊಂಡ ಏರ್ಪಾಡುಗಳನ್ನು ನಾನು ಗಮನಿಸುತ್ತಿದ್ದೆ. ವ್ಯಾಪಾರಿಗಳಿಂದ ಹಣ ನೇರ ಬ್ಯಾಂಕಿನ ಖಾತೆಗೆ ಬರತೊಡಗಿತು. ಕೂಲಿಯವರಿಗೂ ಫೋನಿನಿಂದಲೇ ಪಗಾರ. ಫೋನಿಲ್ಲದ ಹೆಣ್ಣುಮಕ್ಕಳಿಗೆ ಮಾತ್ರ ಹಗಲು ಹೊತ್ತಿನಲ್ಲಿ ರೊಕ್ಕ. ಪೇಟೆಗೆ ಹೋಗುವಾಗ ಮಗ್ಗುಲ ತೋಟದವನನ್ನು ಜೊತೆಗೆ ಕರೆದುಕೊಂಡ. ಶೆಡ್ಡಿಗೆ ದೊಡ್ಡ ದೀಪ, ಎರಡು ನಾಯಿ. ನನಗೊಂದು ಶ್ರವಣಯಂತ್ರ ಮತ್ತು ಕೊರಳಿಗೆ ಕಟ್ಟಿಕೊಳ್ಳುವ ಬ್ಯಾಟರಿ. ಇವೆಲ್ಲ ಎರಡು ವರುಷದ ಹಿಂದೆಯೇ ಮಾಡಬಹುದಾಗಿದ್ದವು. ಸೊಂಟದಲ್ಲಿ ಉತ್ತರವಿದೆಯೆಂಬ ಭ್ರಮೆ ನಮಗೆ ಬೇರೆ ಪ್ರಶ್ನೆಗಳನ್ನು ಕೇಳಗೊಟ್ಟಿರಲಿಲ್ಲ.

ನಾನು ಈ ಕಥೆಯಿಂದ ದೊಡ್ಡ ಸಿದ್ಧಾಂತ ಹೊರಡಿಸಲಾರೆ. ಒಂಟಿ ತೋಟದ ಮನೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಇರುವ ರೈತನಿಗೆ, ಪೋಲೀಸರು ಬರಲು ಒಂದು ತಾಸು ಬೇಕಾಗುವ ಊರಿನವನಿಗೆ, ಆಯುಧದ ಆಸೆ ತಪ್ಪೆಂದು ಹೇಳುವ ಧೈರ್ಯ ಪಟ್ಟಣದಲ್ಲಿ ಕುಳಿತವರಿಗಿರಬಹುದು, ನನಗಿಲ್ಲ. ಯಂತ್ರವಾಗಿ ಆ ರಿವಾಲ್ವರ್ ಒಳ್ಳೆಯದೇ. ಗಟ್ಟಿ, ಸರಳ, ನಂಬಿಕಸ್ಥ. ಆದರೆ ಅದನ್ನು ಕೊಳ್ಳುವಾಗ ನಾವು ತೂಗಿ ನೋಡಿದ್ದು ಕಬ್ಬಿಣವನ್ನು ಮಾತ್ರ. ಅದನ್ನು ಕಟ್ಟಿಕೊಂಡವನ ನಿದ್ದೆಯನ್ನಲ್ಲ, ಅವನ ಸುತ್ತ ಕತ್ತಲಲ್ಲಿ ಓಡಾಡುವ ಮನೆಯವರ ಕಿವಿಯನ್ನಲ್ಲ.

ಜೂನ್ ತಿಂಗಳ ಕೊನೆಗೆ ಹುಡುಗ ಠಾಣೆಯಿಂದ ರಿವಾಲ್ವರನ್ನು ಬಿಡಿಸಿಕೊಂಡು ಬಂದ. ಮಾರುತ್ತಾನೆಂದುಕೊಂಡಿದ್ದೆ, ಮಾರಲಿಲ್ಲ. ಆದರೆ ಸೊಂಟಕ್ಕೆ ಕಟ್ಟಲೂ ಇಲ್ಲ. ಕಪಾಟಿನಲ್ಲಿ ರಿವಾಲ್ವರ್ ಒಂದು ಬೀಗದಲ್ಲಿದೆ, ಗುಂಡುಗಳು ಇನ್ನೊಂದು ಬೀಗದಲ್ಲಿವೆ. ಅಮಾವಾಸ್ಯೆಯ ದಿನ ಪಡಸಾಲೆಯಲ್ಲಿ ಹಳೆಯ ಧೋತರದ ತುಂಡು ಹಾಸಿ, ಬಾಗಿಸಿ, ಎಣ್ಣೆ ಹಚ್ಚಿ ಒರೆಸುತ್ತಾನೆ. ಅವನ ಹತ್ತು ವರುಷದ ಮಗ ದೂರ ಕುಳಿತು ಕಣ್ಣರಳಿಸಿ ನೋಡುತ್ತಾನೆ. ಹೋದ ತಿಂಗಳು ಆ ಹುಡುಗ ನನ್ನ ಬಳಿ ಬಂದು, "ಮುತ್ಯಾ, ಅಪ್ಪ ಇದನ್ನ ಯಾಕ ಕಟ್ಟಂಗಿಲ್ಲ?" ಎಂದು ಕೇಳಿದ.

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಅರವತ್ತು ವರುಷ ಹಳೆಯ ಉತ್ತರ. "ನಿಮ್ಮಪ್ಪನ್ನ ಕೇಳು" ಎಂದೆ. ಅವನು ಹೇಳುವುದನ್ನು ಶ್ರವಣಯಂತ್ರ ಸರಿಪಡಿಸಿಕೊಂಡು ಕೇಳುತ್ತ ಕುಳಿತೆ.